ಮಾರ್ತಾಳಿಗೆ ನಾನು ಸೇರಿಸಿದ ಮಾತು

ದೇವರ ಕೋಣೆಯಲ್ಲಿ ಕೂತು ಬೈಬಲ್ ಓದುವ ಮಾಧ್ವರ ಮನೆ ಹೆಂಗಸು ಕೊಯಮತ್ತೂರಿನಲ್ಲಿ ನಾನೊಬ್ಬಳೇ ಇರಬೇಕು. ಭಕ್ತಿಯಿಂದಲ್ಲ. ಬಾಗಿಲು ಹಾಕಿದರೆ ಸದ್ದು ಬರದ ಕೋಣೆ ನಮ್ಮ ಮನೆಯಲ್ಲಿ ಅದೊಂದೇ. ಹಾಲಿನಲ್ಲಿ ನನ್ನ ಗಂಡ ವ್ಯಾಸರಾಯರ ಟೀವಿ, ನಡುಮನೆಯಲ್ಲಿ ಅತ್ತೆಯ ಕೆಮ್ಮು, ಹಿತ್ತಲಲ್ಲಿ ಪಕ್ಕದ ಮನೆಯವರ ನೀರಿನ ಮೋಟಾರು. ಹಾಗಾಗಿ ಸಾಲಿಗ್ರಾಮದ ಪೆಟ್ಟಿಗೆಗೆ ಬೆನ್ನು ತೋರಿಸಬಾರದೆಂದು ಓರೆಯಾಗಿ ಕೂತು, ಮೊಬೈಲನ್ನು ಗಂಧದ ಕಲ್ಲಿಗೆ ಒರಗಿಸಿ, ಮಧ್ಯಾಹ್ನ ಅತ್ತೆಗೆ ಜೋಂಪು ಹತ್ತಿದ ಹೊತ್ತಿನಲ್ಲಿ ಐದು ನಿಮಿಷದ ಸಂದೇಶವೊಂದನ್ನು ರೆಕಾರ್ಡ್ ಮಾಡುತ್ತೇನೆ.

ಸಂದೇಶ ನನ್ನದಲ್ಲ. ಪಾಸ್ಟರ್ ಗುರುಸಾಮಿ ಎಂಬವರದು. ಮೂರು ತಲೆಮಾರಿನಿಂದ ಕ್ರೈಸ್ತರಾದರೂ ಅವರ ಮನೆಯವರು ಹಳೆಯ ಹೆಸರುಗಳನ್ನು ಬಿಟ್ಟಿಲ್ಲ. ದಿನಕ್ಕೊಂದು ಬೈಬಲ್ ಭಾಗ ತೆಗೆದುಕೊಂಡು, ಮನೆಯಲ್ಲಿ, ಕೆಲಸದಲ್ಲಿ, ಜಗಳದಲ್ಲಿ ಅದನ್ನು ಹೇಗೆ ಬಾಳುವುದೆಂದು ತಮಿಳಿನಲ್ಲಿ ಹೇಳುತ್ತಾರೆ. ನಾನು ಅದನ್ನು ಕನ್ನಡಕ್ಕೆ ಬರೆದು ಓದುತ್ತೇನೆ. ಮರುದಿನ ಬೆಳಿಗ್ಗೆ ಆರಕ್ಕೆ ಅದು ವಾಟ್ಸಾಪಿನಲ್ಲಿ ಸಿರುಮುಗೈ, ನೆಗಮಂ, ಕೊಳ್ಳೇಗಾಲದ ಕಡೆಯ ಕನ್ನಡ ಮನೆಗಳಿಗೆ ಹೋಗುತ್ತದೆ. ಕೇಳುವವರಲ್ಲಿ ಅರ್ಧದಷ್ಟು ಜನ ಕ್ರೈಸ್ತರೇ ಅಲ್ಲವಂತೆ. ಬೆಳಗ್ಗೆದ್ದು ಯಾರೋ ಮನೆಮಾತಿನಲ್ಲಿ ಮಾತಾಡಿದರೆ ಅವರಿಗೆ ಅಷ್ಟೇ ಸಾಕು.

ಪಾಸ್ಟರು ನನ್ನನ್ನೇ ಹಿಡಿದದ್ದು ಯಾಕೆಂದರೆ, ಈ ಊರಿನಲ್ಲಿ ಕನ್ನಡ ಮಾತಾಡುವವರು ಬೇಕಾದಷ್ಟು ಇದ್ದಾರೆ, ಓದಿ ಬರೆಯುವವರು ಇಲ್ಲ. ನನ್ನ ಮಗ ವಾದೀಶ ಮನೆಯ ಬಾಗಿಲಿಗೆ ಬರೆಸಿದ ಕನ್ನಡ ಹೆಸರನ್ನು ಚಿತ್ರ ನೋಡಿದ ಹಾಗೆ ನೋಡುತ್ತಾನೆ. ನನಗೆ ಅಕ್ಷರ ಕಲಿಸಿದ್ದು ಅಪ್ಪ. ಅವರು ಮಠದಲ್ಲಿ ಪುರಾಣ ಹೇಳುತ್ತಿದ್ದರು.

ಮೊದಲ ದಿನವೇ ಪಾಸ್ಟರ್ ನನಗೆ ಒಂದೇ ಒಂದು ಕಟ್ಟಳೆ ಹೇಳಿದ್ದರು. ‘ಅಮ್ಮಾ, ಒಂದು ಮಾತು ತೆಗೆಯಬೇಡಿ, ಒಂದು ಮಾತು ಸೇರಿಸಬೇಡಿ. ನಮ್ಮಲ್ಲಿ ಅದು ದೊಡ್ಡ ತಪ್ಪು.’ ನಾನು ತಲೆಯಾಡಿಸಿದ್ದೆ. ಆದರೆ ನಮ್ಮ ಅಪ್ಪ ಒಂದು ಶ್ಲೋಕ ಹೇಳಿದರೆ ಅದರ ಬೆನ್ನಿಗೆ ಒಂದು ಅಡುಗೆಮನೆಯ ಮಾತು ಸೇರಿಸದೆ ಮುಂದಿನ ಶ್ಲೋಕಕ್ಕೆ ಹೋದವರಲ್ಲ. ಧ್ರುವನ ಮಲತಾಯಿ ಬೀದಿಯ ಕೊನೆಯ ಮನೆಯವಳ ಹಾಗೆ ಬೈಯುತ್ತಿದ್ದಳು, ವಿದುರನ ಮನೆಯ ಗಂಜಿಗೆ ನಮ್ಮ ಮನೆಯದೇ ಉಪ್ಪಿನಕಾಯಿ. ಅದು ಯಾವುದರಲ್ಲಿದೆ ಎಂದು ಯಾರೂ ಕೇಳುತ್ತಿರಲಿಲ್ಲ. ಕೇಳುವುದು ಮರ್ಯಾದೆಯೂ ಆಗಿರಲಿಲ್ಲ. ಪುರಾಣವೆಂದರೆ ಹಾಗೇ ಎಂದು ತಿಳಿದು ಬೆಳೆದವಳು ನಾನು.

ಮಾರ್ತಾಳ ದಿನ ಬಂತು. ಕಥೆ ಚಿಕ್ಕದು. ಯೇಸು ಒಂದು ಮನೆಗೆ ಬರುತ್ತಾನೆ. ಅಕ್ಕ ಮಾರ್ತಾ ಒಲೆಯ ಮುಂದೆ ಬೇಯುತ್ತಾಳೆ, ತಂಗಿ ಮರಿಯ ಅವನ ಪಾದದ ಬಳಿ ಕೂತು ಮಾತು ಕೇಳುತ್ತಾಳೆ. ನನಗೆ ಸಹಾಯ ಮಾಡು ಅಂತ ಇವಳಿಗೆ ಹೇಳಬಾರದೇ ಎಂದು ಮಾರ್ತಾ ಸಿಡುಕಿದರೆ, ಅವಳು ಒಳ್ಳೆಯದನ್ನೇ ಆರಿಸಿಕೊಂಡಿದ್ದಾಳೆ ಎನ್ನುತ್ತಾನೆ. ಪಾಸ್ಟರು ಅದರ ಮೇಲೆ, ಕೆಲಸದ ನಡುವೆಯೂ ಪ್ರಾರ್ಥನೆಗೆ ಹೊತ್ತು ಮಾಡಿಕೊಳ್ಳಿ ಎಂದು ಹೇಳಿದ್ದರು.

ನನಗೆ ಮೈಯೆಲ್ಲ ಉರಿದುಹೋಯಿತು. ಒಳ್ಳೆಯದನ್ನು ಆರಿಸಿಕೊಂಡಳಂತೆ! ಎಲ್ಲರೂ ಒಳ್ಳೆಯದನ್ನು ಆರಿಸಿಕೊಂಡು ಕೂತರೆ ಅನ್ನಕ್ಕೆ ಇಡುವವರು ಯಾರು? ಅತ್ತೆ ಹಾಸಿಗೆ ಹಿಡಿದು ನಾಲ್ಕು ವರ್ಷ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು, ಬಟ್ಟೆ ಬದಲಿಸಬೇಕು, ಆಮೇಲೆ ಮಿಂದು ಮಡಿಯುಟ್ಟು ಅಡುಗೆ ಮಾಡಬೇಕು, ಮತ್ತೆ ಮುಟ್ಟಬೇಕು, ಮತ್ತೆ ಮೀಯಬೇಕು. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಅನ್ನುತ್ತಾರೆ. ನನಗೆ ಐವತ್ತೇಳು ತುಂಬಿದೆ, ನನ್ನ ಕಾಲ ಎಲ್ಲೋ ದಾರಿ ತಪ್ಪಿರಬೇಕು. ಆ ದಿನ ಬೆಳಗಿನಿಂದ ನಾನು ಕೂತದ್ದು ಅದೇ ಮೊದಲು, ದೇವರ ಕೋಣೆಯ ಮಣೆಯ ಮೇಲೆ. ಪೆನ್ನು ತನ್ನಷ್ಟಕ್ಕೆ ಬರೆಯಿತು. ಅದನ್ನೇ ಓದಿದೆ: ‘ಮಾರ್ತಾ, ಒಂದು ದಿನ ಒಲೆ ಆರಿಸಿ ಕೂತುಕೋ. ನೀನು ಕೂತರೆ ಮನೆ ಬೀಳುವುದಿಲ್ಲ, ಅಂದನು ಕರ್ತನು.’

ಓದಿದ ಮೇಲೆ ಎದೆಗೆ ತಂಪಾಯಿತು ಅಂತ ಸುಳ್ಳಿಲ್ಲದೆ ಹೇಳುತ್ತೇನೆ. ಕಳಿಸಿದೆ. ಅತ್ತೆ ಎದ್ದರು, ನಾನೂ ಎದ್ದೆ, ಮರೆತೆ.

ಮೂರು ವಾರದ ಮೇಲೆ, ಮಂಗಳವಾರ ಬೆಳಿಗ್ಗೆ, ಸಾರಿಗೆ ಒಗ್ಗರಣೆ ಹಾಕುತ್ತಿದ್ದಾಗ ಫೋನು ಬಂತು. ಪಾಸ್ಟರ ಆಫೀಸಿನ ಅಭಿನಯಾಳಿಂದ ನಂಬರು ಇಸಿದುಕೊಂಡೆ ಎಂದಳು ಆ ಕಡೆಯ ಹೆಂಗಸು. ಹೆಸರು ಮಲ್ಲಿಗಾ, ಊರು ನೆಗಮಂ, ಕುಳಿಮಗ್ಗದಲ್ಲಿ ಹತ್ತಿ ಸೀರೆ ನೇಯುತ್ತಾಳೆ.

“ಅಮ್ಮಾ, ದಿನಾ ನಿಮ್ಮ ಗೊಂತು ಕೇಳ್ತೀನಿ. ನಾವು ಬೈಬಲಿನವರಲ್ಲ, ಚೌಡೇಶ್ವರಿ ಒಕ್ಕಲು. ಒಂದು ಸಂಗತಿ ಕೇಳ್ಬೇಕಿತ್ತು. ಮಾರ್ತಾ ಕೂತ್ಕೋ, ಮನೆ ಬೀಳಲ್ಲ ಅಂತ ಸಾಮಿ ಹೇಳ್ತಲ್ಲ, ಅದು ಬೈಬಲಲ್ಲಿ ಎಷ್ಟನೇ ನಂಬರು?”

ಗೊಂತು ಅಂದರೆ ಅವರ ಮಾತಿನಲ್ಲಿ ದನಿ. ನನ್ನ ಕೈಯ ಸೌಟಿನಲ್ಲಿ ಸಾಸಿವೆ ಸಿಡಿಯುತ್ತಿತ್ತು. “ಯಾಕಮ್ಮ?” ಎಂದೆ.

ಹೇಳಿದಳು. ಗಂಡ ತೀರಿ ಎಂಟು ವರ್ಷ. ಮನೆಯಲ್ಲಿ ಅವಳೂ ಅತ್ತೆ ಸುಬ್ಬಾತಾಳೂ ಇಬ್ಬರೇ. ಅತ್ತೆ ಆರು ವರ್ಷದಿಂದ ಹಾಸಿಗೆ. ಆ ಆರು ವರ್ಷದಲ್ಲಿ ಮಲ್ಲಿಗಾ ಊರ ಬಸ್‌ಸ್ಟಾಂಡು ದಾಟಿರಲಿಲ್ಲ. ಆ ದಿನ ಬೆಳಿಗ್ಗೆ ನನ್ನ ಮಾತು ಕೇಳಿ ಮಗ್ಗದ ಕುಳಿಯಿಂದ ಎದ್ದಳು. ಅತ್ತೆಗೆ ಗಂಜಿ ಕುಡಿಸಿದಳು, ಪಕ್ಕದ ಮನೆಯವರಿಗೆ ಹೇಳಿದಳು, ಪೊಳ್ಳಾಚಿಯ ತಂಗಿಯ ಮನೆಗೆ ಬಸ್ಸು ಹತ್ತಿದಳು. ಸಂಜೆ ಬರುವಷ್ಟರಲ್ಲಿ ಅತ್ತೆ ಕೆಳಗೆ ಬಿದ್ದಿದ್ದರು. ಸೊಂಟದ ಮೂಳೆ. ಆರು ದಿನ ಆಸ್ಪತ್ರೆ, ಆಮೇಲೆ ಮುಗಿಯಿತು.

“ನಾಳಿದ್ದು ಹದಿನಾರನೇ ದಿನ. ಜನ ಎಲ್ಲಾ ಬರ್ತಾರೆ. ಸೋಮನೂರಿಂದ ನಮ್ ಭಾವ ಬಂದವ್ರೆ, ನಮ್ಮೆಜಮಾನ್ರ ಅಣ್ಣ, ರಂಗಸಾಮಿ ಅಂತ. ಬಿಟ್ಟು ಹೋಗಿ ಕೊಂದವಳು ನೀನು, ಅವ್ವನ ಫೋಟೋಗೆ ನೀನು ದೀಪ ಹಚ್ಚಬಾರದು ಅಂತಾರೆ. ಆರು ವರ್ಷ ನಾನೇ ನೋಡ್ಕೊಂಡೆ ಅಮ್ಮ. ಒಂದು ದೀಪ. ಸಾಮಿ ಹೇಳಿ ಹೋದೆ ಅಂದ್ರೆ ನಂಬ್ತಾ ಇಲ್ಲ. ನಂಬರು ಹೇಳಿ, ತಮಿಳು ಬೈಬಲು ಇಸ್ಕೊಂಡು ಓದಿ ತೋರಿಸ್ತೀನಿ.”

ನಾನೇನು ಮಾಡಿದೆ? ‘ಲೂಕ, ಹತ್ತನೇ ಅಧ್ಯಾಯ’ ಎಂದೆ. ಸುಳ್ಳಲ್ಲ, ಮಾರ್ತಾಳ ಕಥೆ ಅಲ್ಲೇ ಇರುವುದು. “ಸಾರು ಉಕ್ತಾ ಇದೆ, ಆಮೇಲೆ ಮಾತಾಡ್ತೀನಿ” ಎಂದು ಫೋನಿಟ್ಟೆ. ಸಾರು ಉಕ್ಕುತ್ತಿರಲಿಲ್ಲ.

ಆ ದಿನವೆಲ್ಲ ಯಾರ ಮೇಲೋ ಸಿಟ್ಟು. ನಾನೇನು ಬಸ್ಸು ಹತ್ತು ಅಂದೆನೇ? ಕೂತುಕೋ ಅಂದೆ, ಅಷ್ಟೇ. ಮುದುಕಿ ಎಂದಾದರೂ ಬೀಳುತ್ತಿದ್ದಳು. ಹೀಗೆಲ್ಲ ಹೇಳಿಕೊಂಡೆ. ಆದರೆ ಮಲ್ಲಿಗಾ ಆ ಅಧ್ಯಾಯವನ್ನು ಯಾರಿಂದಲೋ ಓದಿಸುತ್ತಾಳೆ, ಅಲ್ಲಿ ಒಲೆಯೂ ಇಲ್ಲ, ಮನೆ ಬೀಳುವುದೂ ಇಲ್ಲ, ಎಲ್ಲರ ಮುಂದೆ ಅವಳೇ ಸುಳ್ಳಿಯಾಗುತ್ತಾಳೆ ಎಂದು ಹೊಳೆದಾಗ ಕೈಯಲ್ಲಿದ್ದ ಲೋಟ ಕೆಳಗಿಟ್ಟೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಆಡಿದ್ದು ನಾನು, ಒಡೆದದ್ದು ಅವಳ ಮನೆಯಲ್ಲಿ.

ಪಾಸ್ಟರಿಗೆ ಫೋನು ಮಾಡಿ ಎಲ್ಲ ಹೇಳಿದೆ. ಬೈಯುತ್ತಾರೆ ಎಂದುಕೊಂಡಿದ್ದೆ, ಬೈದರೆ ಹಗುರಾಗುತ್ತಿತ್ತು. ಅವರು ಬೈಯಲಿಲ್ಲ. ದಿನಕ್ಕೆ ಎರಡು ಕೂಟ, ಒಂದು ಆಸ್ಪತ್ರೆ ಪ್ರಾರ್ಥನೆ, ಅವರ ದನಿಯೂ ಸವೆದುಹೋಗಿತ್ತು.

“ಅಮ್ಮಾ, ಕರ್ತರು ಹೇಳಿದ್ದನ್ನು ಕರ್ತರು ಹೊರುತ್ತಾರೆ,” ಎಂದರು ತಮಿಳಿನಲ್ಲಿ. “ನೀವು ಹೇಳಿದ್ದನ್ನು ನೀವೇ ಹೋಗಿ ಹೊರಬೇಕು. ಫೋನಿನಲ್ಲಲ್ಲ.”

ಗುರುವಾರ ಬೆಳಿಗ್ಗೆ ಎಂಟಕ್ಕೆ ಸೀರೆ ಬದಲಿಸಿ, ಕನ್ನಡ ಬೈಬಲನ್ನು ಚೀಲಕ್ಕೆ ಹಾಕಿಕೊಂಡೆ. ವ್ಯಾಸರಾಯರು ಪೇಪರಿನಿಂದ ತಲೆಯೆತ್ತಿದರು.

“ಎಲ್ಲಿಗೇ? ಅಮ್ಮನ್ನ ಯಾರು ನೋಡ್ಕೊಳ್ಳೋದು?”

“ನೀವು. ಅವರು ನಿಮ್ಮಮ್ಮ.”

“ನನಗೆ ಹತ್ತೂವರೆಗೆ ಕಕ್ಷಿದಾರರು ಬರ್ತಾರೆ ಕಣೇ!”

“ಬಂದವರಿಗೆ ಒಂದು ಕಡೆ ಹಿಡ್ಕೊಳ್ಳೋಕೆ ಹೇಳಿ. ಮಗ್ಗುಲು ತಿರುಗಿಸೋಕೆ ಇಬ್ಬರಾದ್ರೆ ಸುಲಭ.”

ಮೂವತ್ತು ವರ್ಷ ವಕೀಲಿ ಮಾಡಿದ ಮನುಷ್ಯ ಬಾಯಿ ತೆರೆದುಕೊಂಡು ನಿಂತರು. ನಾನು ನಗುವ ಸ್ಥಿತಿಯಲ್ಲಿರಲಿಲ್ಲ. ಉಕ್ಕಡದಿಂದ ಒಂದು ಬಸ್ಸು, ಕಿಣತ್ತುಕಡವಿನಲ್ಲಿ ಇಳಿದು ಇನ್ನೊಂದು. ದಾರಿಯುದ್ದಕ್ಕೂ ಒಂದೇ ಯೋಚನೆ: ನನ್ನ ಅತ್ತೆಯೂ ಬಿದ್ದರೆ? ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ. ಕೂತುಕೋ ಎಂದು ಊರಿಗೆಲ್ಲ ಹೇಳಿದವಳು, ಬಸ್ಸಿನ ಸೀಟಿನಲ್ಲೂ ಬೆನ್ನು ಒರಗಿಸದೆ ತುದಿಯಲ್ಲಿ ಕೂತಿದ್ದೆ.

ಬರುತ್ತೇನೆಂದಷ್ಟೇ ಹೇಳಿ ಮಲ್ಲಿಗಾಳಿಂದ ಗುರುತು ಕೇಳಿಕೊಂಡಿದ್ದೆ, ಮನೆ ಸಿಕ್ಕಿತು. ಬಾಗಿಲ ಮುಂದೆ ಶಾಮಿಯಾನ, ಹತ್ತು ಹನ್ನೆರಡು ಪ್ಲಾಸ್ಟಿಕ್ ಕುರ್ಚಿ. ನೆಂಟರು ಇನ್ನೂ ಬಂದಿರಲಿಲ್ಲ. ಬಿಳಿ ಪಂಚೆಯ ಒಬ್ಬ ದಪ್ಪನೆಯ ಮನುಷ್ಯ ಎದುರಾದರು.

“ನೀವೇನಾ ಆ ಬೈಬಲು ಅಮ್ಮ?” ರಂಗಸಾಮಿಯೇ. “ಬನ್ನಿ. ಲೂಕ ಹತ್ತು ನಿನ್ನೆ ಓದಿಸಿದ್ವಿ. ಅದ್ರಲ್ಲಿ ಆ ಮಾತು ಇಲ್ವೇ ಇಲ್ಲ.”

ಅಷ್ಟರಲ್ಲಿ ಒಳಗಿಂದ ಮಲ್ಲಿಗಾ ಬಂದಳು. ನಲವತ್ತೈದರ ಹೆಂಗಸು, ಕೈತುಂಬ ಈರುಳ್ಳಿ ಸಿಪ್ಪೆ, ಕಣ್ಣಿನ ಕೆಳಗೆ ಕಪ್ಪು. ನನ್ನ ದನಿಯನ್ನು ಮಾತ್ರ ಬಲ್ಲವಳು ನನ್ನ ಮುಖವನ್ನು ಹುಡುಕುವಂತೆ ನೋಡಿದಳು.

“ಇಲ್ಲ,” ಎಂದೆ. “ಪುಸ್ತಕದಲ್ಲಿಲ್ಲ, ಪಾಸ್ಟರೂ ಹೇಳಿಲ್ಲ. ಆ ಮಾತು ನಂದು. ನಾನೇ ಸೇರಿಸಿ ಸಾಮಿ ಬಾಯಲ್ಲಿಟ್ಟೆ. ತಪ್ಪು ನಂದು, ಇವಳದಲ್ಲ.”

“ಅಪ್ಪಡಿಯಾ,” ಹಾಗೋ ಎಂದು ತಮಿಳಿನಲ್ಲಿ ತಲೆಯಾಡಿಸಿದರು ರಂಗಸಾಮಿ. “ಅಂದ್ರೆ ಸಾಮಿ ಹೇಳ್ಲೇ ಇಲ್ಲ. ಇವಳಾಗೇ ಹೋದ್ಲು. ಸರಿ, ಮಾತು ಮುಗೀತಲ್ಲ.” ಅವರು ಅಡುಗೆಯವರನ್ನು ವಿಚಾರಿಸಲು ಹಿತ್ತಲಿಗೆ ಹೋದರು.

ಅಯ್ಯೋ ದೇವರೇ ಎಂದು ನಿಂತಲ್ಲೇ ನಿಂತೆ. ನಿಜ ಹೇಳಿದರೆ ಅವಳಿಗೆ ಒಳ್ಳೆಯದಾಗುತ್ತದೆ ಎಂದು ಬಂದಿದ್ದೆ. ನಿಜ ಹೇಳಿ ಅವಳ ಕೈಯಲ್ಲಿದ್ದ ಒಂದು ಹುಲ್ಲುಕಡ್ಡಿಯನ್ನೂ ಕಿತ್ತುಕೊಂಡಿದ್ದೆ.

ಮಲ್ಲಿಗಾ ಅಳಲಿಲ್ಲ. “ಒಳಗೆ ಬನ್ನಿ ಅಕ್ಕ, ಬಿಸಿಲು” ಎಂದು ಮಗ್ಗದ ಕೋಣೆಗೆ ಕರೆದುಕೊಂಡು ಹೋದಳು. ಕುಳಿಯ ಮೇಲೆ ಅರ್ಧ ನೇಯ್ದ ಸೀರೆ, ಅರಿಸಿನ ಬಣ್ಣದ್ದು, ಮೇಲೆ ಹಳೆಯ ಬಟ್ಟೆ ಹೊದಿಸಿತ್ತು. ಗೋಡೆಯ ಬದಿಗೆ ಖಾಲಿ ಮಂಚ. ಮಗ್ಗದಿಂದ ಮಂಚಕ್ಕೆ ಕೈ ಚಾಚಿದರೆ ಎಟುಕುವಷ್ಟೇ ದೂರ. ಆರು ವರ್ಷ ಹಾಗೇ ನೇಯ್ದಿದ್ದಳು. ಅವಳು ಕಾಫಿಗೆಂದು ಎದ್ದಳು, ನಾನು ಬೇಡವೆಂದು ಸೆರಗು ಹಿಡಿದು ಕೂರಿಸಿದೆ. ಇಬ್ಬರೂ ನೆಲದ ಮೇಲೆ ಕೂತೆವು.

“ಅಕ್ಕ, ನಿಮ್ಮನೇಲೂ ಹಾಸಿಗೆ ಹಿಡಿದವ್ರು ಇದ್ದಾರಾ?”

“ಅತ್ತೆ. ನಾಲ್ಕು ವರ್ಷ.”

“ಒಂದು ದಿನ ಕೂತಿದ್ರಾ ನೀವು?”

“ಇಲ್ಲ.”

“ಮತ್ತೆ ಮನೆ ಬೀಳಲ್ಲ ಅಂತ ನಿಮಗೆ ಹೆಂಗೆ ಗೊತ್ತಾಯ್ತು?”

ಸಿಟ್ಟಿನಿಂದ ಕೇಳಲಿಲ್ಲ ಅವಳು. ನಿಜಕ್ಕೂ ತಿಳಿಯಬೇಕೆಂದೇ ಕೇಳಿದಳು. “ಗೊತ್ತಿರಲಿಲ್ಲ” ಎಂದೆ. “ಯಾರಾದ್ರೂ ನನಗೆ ಹಾಗೆ ಹೇಳ್ಲಿ ಅಂತ ಆಸೆ ಇತ್ತು. ಯಾರೂ ಹೇಳ್ಲಿಲ್ಲ. ನಾನೇ ಹೇಳ್ಕೊಂಡೆ.”

ಅವಳು ಮಂಚದ ಕಡೆ ನೋಡುತ್ತ ಬೆರಳಿನ ಸಿಪ್ಪೆ ಬಿಡಿಸುತ್ತಿದ್ದಳು. “ತಂಗಿ ಮನೇಲಿ ನಾನೇನು ಮಾಡ್ದೆ ಗೊತ್ತಾ ಅಕ್ಕ? ಸಿನಿಮಾ ಇಲ್ಲ, ಬಜಾರಿಲ್ಲ. ನಿದ್ದೆ ಮಾಡ್ದೆ. ಹಗಲು ಮೂರು ಗಂಟೆ. ತಂಗಿ ಕದ ಮುಚ್ಚಿದ್ಲು, ಫ್ಯಾನು ಹಾಕಿದ್ಲು. ಯಾರೂ ಕೂಗ್ಲಿಲ್ಲ.” ಅವಳ ದನಿ ಇಳಿಯಿತು. “ಅವ್ವ ಇಲ್ಲಿ ನೆಲದ ಮೇಲೆ ಬಿದ್ದಿದ್ದ ಹೊತ್ತು ಅದೇ. ಆದ್ರೂ ಆ ನಿದ್ದೆ ನೆನೆದ್ರೆ ಈಗ್ಲೂ ಸುಖ ಅನ್ಸುತ್ತೆ. ಇದನ್ನ ಯಾರಿಗೂ ಹೇಳಿಲ್ಲ. ಅದೇ ಪಾಪ ಅಲ್ವಾ? ದೀಪ ಹಚ್ಚಬಾರದು ಅಂತ ಭಾವ ಅಂದಾಗ, ಹೌದೇನೋ ಅಂತ ನನಗೂ ಅನ್ಸುತ್ತೆ.”

ಇದಕ್ಕೆ ಮಾರ್ತಾ ಸಾಲುವುದಿಲ್ಲ. ನನ್ನ ಅಪ್ಪ ಇದ್ದಿದ್ದರೆ ಏನಾದರೂ ಕಟ್ಟಿ ಹೇಳುತ್ತಿದ್ದರು. ನನಗೆ ಕಟ್ಟುವ ಧೈರ್ಯವಿರಲಿಲ್ಲ. ಚೀಲದಿಂದ ಪುಸ್ತಕ ತೆಗೆದೆ. ಕೆಲವು ತಿಂಗಳ ಹಿಂದೆ ಕನ್ನಡ ಮಾಡಿದ್ದ ಒಂದು ಭಾಗ ನೆನಪಿತ್ತು, ಅದನ್ನು ಹುಡುಕಿ, ಓದಿ, ಮನೆಮಾತಿನಲ್ಲಿ ಹೇಳಿದೆ.

ಎಲೀಯ ಅಂತ ಒಬ್ಬ ದೊಡ್ಡ ಪ್ರವಾದಿ. ದೇವರ ಕೆಲಸ ಮಾಡಿ ಮಾಡಿ ಸೋತ. ಕಾಡಿನಲ್ಲಿ ಒಂದು ಗಿಡದ ಕೆಳಗೆ ಬಿದ್ದುಕೊಂಡು, ಸಾಕು ಸ್ವಾಮಿ, ನನ್ನ ಪ್ರಾಣ ತೆಗೆದುಕೋ ಎಂದ. ಹಾಗೇ ನಿದ್ದೆ ಹೋದ. ದೇವರು ದೂತನನ್ನು ಕಳಿಸಿದ. ದೂತ ಬಂದು, ಕೆಲಸ ಬಿಟ್ಟು ಮಲಗಿದೆಯಾ ಅಂತ ಕೇಳಲಿಲ್ಲ. ಅವನನ್ನು ತಟ್ಟಿ, ಎದ್ದು ತಿನ್ನು ಅಂದ. ತಲೆಯ ಹತ್ತಿರ ಬಿಸಿ ರೊಟ್ಟಿ, ಒಂದು ತಂಬಿಗೆ ನೀರು. ತಿಂದ, ಕುಡಿದ, ಮತ್ತೆ ಮಲಗಿದ. ದೂತ ಮತ್ತೆ ಬಂದ. ಆಗಲೂ ಬೈಯಲಿಲ್ಲ. ಇನ್ನೂ ತಿನ್ನು, ನಿನ್ನ ಶಕ್ತಿಗೆ ಮೀರಿದ ದಾರಿ ಇದೆ ಅಂದ.

ಮಲ್ಲಿಗಾ ಪುಸ್ತಕದ ಕಡೆ ಬಗ್ಗಿದಳು. “ಇದು ಪುಸ್ತಕದಲ್ಲಿರೋದಾ, ನಿಮ್ದಾ?”

“ಪುಸ್ತಕದ್ದು. ಒಂದು ಮಾತೂ ನಂದಲ್ಲ.”

“ಎಲ್ಲಿ?”

ತೋರಿಸಿದೆ. ಅವಳಿಗೆ ಕನ್ನಡ ಓದಲು ಬಾರದು. ಆದರೂ ಈರುಳ್ಳಿ ವಾಸನೆಯ ಬೆರಳನ್ನು ಸೀರೆಗೆ ಒರೆಸಿಕೊಂಡು, ಆ ಸಾಲಿನ ಮೇಲಿಟ್ಟು, ಮೊದಲಿಂದ ಕೊನೆಯವರೆಗೆ ಎಳೆ ನೋಡುವ ಹಾಗೆ ನಿಧಾನವಾಗಿ ಎಳೆದಳು. “ಮಲಗಿದ್ದಕ್ಕೆ ಬೈಲಿಲ್ಲ,” ಎಂದಳು. “ಬೈಲಿಲ್ಲ,” ಎಂದೆ. ಆಗ ಅತ್ತಳು. ಬಾಯಿಗೆ ಸೆರಗು ತುರುಕಿಕೊಂಡು, ಹಿತ್ತಲಿಗೆ ಕೇಳಿಸದ ಹಾಗೆ. ನನಗೂ ಅಳು ಬಂತು, ಯಾಕೆ ಮುಚ್ಚಿಡಲಿ. ಅತ್ತು ಸುಸ್ತಾಗಿ ಅವಳು ಮಗ್ಗದ ಕಂಬಕ್ಕೆ ತಲೆ ಕೊಟ್ಟಳು. ಬೆಳಗಿನ ನಾಲ್ಕಕ್ಕೆ ಎದ್ದು ಇಪ್ಪತ್ತು ಜನರ ಅಡುಗೆಗೆ ಹೆಚ್ಚಿದವಳು. ನೋಡುನೋಡುತ್ತ ನಿದ್ದೆ ಹೋದಳು.

ನನ್ನ ಫೋನು ಗುರುಗುಟ್ಟಿತು, ವ್ಯಾಸರಾಯರು. ಪಿಸುಮಾತಿನಲ್ಲಿ ತೆಗೆದೆ. “ಅಮ್ಮನ ಮಗ್ಗುಲು ತಿರುಗಿಸಿದ್ವಿ” ಎಂದರು, ಕೇಸು ಗೆದ್ದ ದನಿಯಲ್ಲಿ. ಆಮೇಲೆ ಸ್ವಲ್ಪ ತಡೆದು, “ಇಷ್ಟು ಭಾರ ಇದ್ದಾರಲ್ಲೇ, ದಿನಾ ಒಬ್ಬಳೇ ಹೆಂಗೆ ಎತ್ತುತ್ತೀಯೆ?” ಎಂದರು. ನಾಲ್ಕು ವರ್ಷದ ಮೇಲೆ ಕೇಳಿದ ಪ್ರಶ್ನೆ. ಮನೆಗೆ ಬಂದು ಹೇಳ್ತೀನಿ ಎಂದು ಇಟ್ಟೆ.

ಹೊರಗೆ ಗಾಡಿಗಳ ಸದ್ದು, ಮಾತು, ನೆಂಟರು ಬಂದರು. ರಂಗಸಾಮಿ ಒಳಗೆ ಇಣುಕಿದರು. ಅವರೂ ಬೆವರಿ ಸೋತಿದ್ದರು, ಹೆಗಲ ಟವೆಲು ಒದ್ದೆಯಾಗಿತ್ತು.

“ದೀಪದ ಹೊತ್ತಾಯ್ತು. ನನ್ನ ಹೆಂಡ್ತಿ ಹಚ್ತಾಳೆ. ಎಣ್ಣೆ ಎಲ್ಲಿದೆ, ಬತ್ತಿ ಎಲ್ಲಿದೆ, ಒಂದೂ ಗೊತ್ತಾಗ್ತಿಲ್ಲ. ಅವಳನ್ನ ಎಬ್ಬಿಸಿ.”

ಎಣ್ಣೆ ಎಲ್ಲಿದೆ ಎಂದು ಗೊತ್ತಿಲ್ಲದವರು ದೀಪ ಹಚ್ಚುತ್ತಾರಂತೆ. ಬಾಯಿಗೆ ಬಂದದ್ದನ್ನು ನುಂಗಿದೆ.

“ಮಲಗಿರ್ಲಿ. ಅವಳೇ ಎದ್ದು ಎಣ್ಣೆ ತರ್ತಾಳೆ, ಅವಳೇ ಹಚ್ತಾಳೆ. ಅಲ್ಲೀವರೆಗೆ ಎಲ್ಲರೂ ಕಾಯ್ಲಿ.”

“ಎಬ್ಬಿಸಬಾರದು ಅಂತ ನಿಮ್ ಪುಸ್ತಕದಲ್ಲಿದೆಯಾ?” ಕೊಂಕಾಗಿಯೇ ಕೇಳಿದರು.

“ಇಲ್ಲ. ಪುಸ್ತಕದಲ್ಲಿ ದೂತ ಬಂದು ಎಬ್ಬಿಸ್ತಾನೆ. ಇದು ನಾನು ಹೇಳ್ತಿರೋದು.”

ರಂಗಸಾಮಿ ನನ್ನನ್ನು ನೋಡಿದರು. ಕಂಬಕ್ಕೆ ಒರಗಿ ಬಾಯಿ ತೆರೆದು ಮಲಗಿದ್ದ ಅವಳನ್ನು ನೋಡಿದರು. ತಾಯಿಯ ಖಾಲಿ ಮಂಚವನ್ನು ನೋಡಿದರು. ಆಮೇಲೆ ಟವೆಲಿನಿಂದ ಮುಖ ಒರೆಸಿಕೊಂಡು, ಹೊಸ್ತಿಲ ಪಕ್ಕದಲ್ಲಿ ಕೂತರು.